ಚೈನ್ ಕಟರ್ ಕೊಳ್ಳುವ ಮೊದಲು ಚೈನನ್ನು ನೋಡಿ

ಚೈನ್ ಕಟರ್ ಎಂದರೆ ಸೈಕಲ್ ಚೈನಿನ ಕೊಂಡಿಗಳನ್ನು ಹಿಡಿದಿಡುವ ಪಿನ್ನನ್ನು ಹೊರತಳ್ಳಿ ಚೈನನ್ನು ಬಿಚ್ಚುವ ಉಪಕರಣ. ನನ್ನ ಮೊದಲ ಕಟರ್ ಬಾಳಿದ್ದು ಒಂದೂವರೆ ಪಿನ್ನಿನಷ್ಟು ಕಾಲ. ಜೇಬಿಗೆ ಹಿಡಿಸುವ ಮಲ್ಟಿಟೂಲಿನ ಒಂದು ಅಂಗವಾಗಿ ಬಂದದ್ದು ಅದು. ಎಲ್ಲ ಉಪಕರಣವೂ ಒಂದರಲ್ಲೇ ಸಿಕ್ಕಿತು ಎಂಬ ಖುಷಿಯಲ್ಲಿ ಕೊಂಡಿದ್ದೆ. ಹಳೆಯ ಚೈನಿನ ಪಿನ್ನು ಸಲೀಸಾಗಿಯೇ ಹೊರಬಂತು. ಹೊಸ ಚೈನನ್ನು ಅಳತೆಗೆ ಕತ್ತರಿಸಲು ಕೂತಾಗ ಪಿನ್ನು ಅರ್ಧ ಸರಿದು ನಿಂತಿತು. ಹಲ್ಲುಕಚ್ಚಿ ಇನ್ನೊಂದು ಸುತ್ತು ತಿರುಗಿಸಿದೆ. ಟಿಕ್ ಎಂದಿತು. ಬಿಟ್ಟಿತು ಅಂದುಕೊಂಡು ಬಗ್ಗಿ ನೋಡಿದರೆ, ಬಿಟ್ಟದ್ದು ಪಿನ್ನಲ್ಲ, ಕಟರಿನ ತಳ್ಳುವ ಕಡ್ಡಿಯೇ ಮುರಿದು ಅದರ ತುದಿ ಚೈನಿನೊಳಗೆ ಕೂತಿತ್ತು.

ತಪ್ಪು ಅರ್ಧ ಉಪಕರಣದ್ದು, ಅರ್ಧ ನನ್ನದು. ಚೈನು ಕಟರಿನ ಗಾಡಿಯಲ್ಲಿ, ಅಂದರೆ ಅದು ಕೂರುವ ತೋಡಿನಲ್ಲಿ, ಪೂರ್ತಿ ಕೂತಿರಲಿಲ್ಲ, ನಾನು ನೋಡಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ತಪ್ಪು ಅಂಗಡಿಯಲ್ಲೇ ಆಗಿಹೋಗಿತ್ತು: ನನ್ನ ಸೈಕಲ್ಲಿನಲ್ಲಿ ಯಾವ ಚೈನಿದೆ, ಅದನ್ನು ಹೇಗೆ ಕೂಡಿಸಿದ್ದಾರೆ ಎಂದು ತಿಳಿಯದೆಯೇ ಉಪಕರಣ ಆರಿಸಿದ್ದೆ. ಹಾಗಾಗಿ ಈ ಬರಹವೂ ಚೈನಿನಿಂದಲೇ ಶುರುವಾಗುತ್ತದೆ. ಕಟರಿನ ಮಾತು ಆಮೇಲೆ.

1. ನಿಮ್ಮದು ಯಾವ ಚೈನು?

ಎಂಜಿನಿಯರ್ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ ಬುಷ್-ರೋಲರ್ ಚೈನಿನ (ಪಿನ್ನುಗಳ ಸುತ್ತ ರೋಲರ್ ಎಂಬ ಸಣ್ಣ ಉರುಳೆಗಳಿರುವ ಚೈನು) ವಂಶದವೇ ಇಂದಿನ ಸೈಕಲ್ ಚೈನುಗಳು. ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಈ ಅಂತರ ಒಂದು ಗೇರಿನ ಸೈಕಲ್ಲಿಗೂ ಹನ್ನೆರಡು ಗೇರಿನ ಸೈಕಲ್ಲಿಗೂ ಒಂದೇ. ಬದಲಾಗುವುದು ಅಗಲ.

ಹಿಂದಿನ ಚಕ್ರದಲ್ಲಿ ಹಲ್ಲುಚಕ್ರಗಳು ಹೆಚ್ಚಿದಂತೆ ಅವುಗಳ ನಡುವಿನ ಜಾಗ ಕಿರಿದಾಗುತ್ತದೆ, ಚೈನು ತೆಳ್ಳಗಾಗುತ್ತದೆ. ಹೊರಗಿನ ಅಗಲ 8 ಗೇರಿನ ಚೈನಿಗೆ ಸುಮಾರು 7.1 ಮಿ.ಮೀ., 9ಕ್ಕೆ 6.6, 10ಕ್ಕೆ 5.9, 11ಕ್ಕೆ 5.5, 12ಕ್ಕೆ 5.3ರ ಆಸುಪಾಸು. ಗೇರಿಲ್ಲದ ಸೈಕಲ್ಲುಗಳದ್ದು ಇವೆಲ್ಲಕ್ಕಿಂತ ದಪ್ಪ. ಅವುಗಳ ಚೈನಿನ ಒಳಗಿನ ಅಗಲವೇ ಸಾಮಾನ್ಯವಾಗಿ 1/8 ಇಂಚು ಇರುತ್ತದೆ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಹಿಂದಿನ ಹಲ್ಲುಚಕ್ರಗಳನ್ನು ಎಣಿಸಿದರೆ ಸಾಕು. ಮುಂದಿನವನ್ನು ಲೆಕ್ಕಕ್ಕೆ ಸೇರಿಸಬೇಡಿ. ಮುಂದೆ 3, ಹಿಂದೆ 8 ಇದ್ದರೆ ಸೈಕಲ್ ಮಾರುವವರ ಬಾಯಲ್ಲಿ ಅದು 24 ಗೇರು, ಚೈನಿನ ಲೆಕ್ಕದಲ್ಲಿ 8.

ದಪ್ಪ ಚೈನಿಗಾಗಿ ಮಾಡಿದ ಕಟರಿನಲ್ಲಿ ತೆಳ್ಳನೆಯ ಚೈನು ಅಲ್ಲಾಡುತ್ತದೆ. ಅಲ್ಲಾಡುವ ಚೈನು ಓರೆಯಾಗುತ್ತದೆ, ಓರೆಯಾದ ಪಿನ್ನಿನ ಮೇಲೆ ಒತ್ತಿದರೆ ಕಡ್ಡಿ ಬಾಗುತ್ತದೆ. ನನ್ನ ಕಟರಿಗೆ ಆದದ್ದು ಇದೇ. ಇನ್ನು ತೆಳ್ಳನೆಯ ಚೈನಿನ ಕಟರಿಗೆ 1/8 ಇಂಚಿನ ದಪ್ಪ ಚೈನು ಎಷ್ಟೋ ಸಲ ಒಳಗೇ ಹೋಗುವುದಿಲ್ಲ.

2. ಚೈನು ಎಲ್ಲಿ, ಹೇಗೆ ಕೂಡಿದೆ?

ಚೈನನ್ನು ಒರೆಸಿ, ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸುತ್ತ ಒಂದೊಂದೇ ಕೊಂಡಿ ನೋಡಿ. ಎಲ್ಲೋ ಒಂದು ಕಡೆ ಉಳಿದವುಗಳಂತಿಲ್ಲದ ಕೊಂಡಿಯೋ ಪಿನ್ನೋ ಸಿಗಬೇಕು. ಏನು ಸಿಗುತ್ತದೆ ಎಂಬುದರ ಮೇಲೆ ನಿಮಗೆ ಬೇಕಾದ ಉಪಕರಣ ನಿರ್ಧಾರವಾಗುತ್ತದೆ.

ಗೇರಿಲ್ಲದ ಸೈಕಲ್ಲಾದರೆ ಮೀನಿನ ಆಕಾರದ ಸಣ್ಣ ಕ್ಲಿಪ್ ಇರುವ ಕೊಂಡಿ ಕಾಣಬಹುದು. ಇದನ್ನು ಬಿಚ್ಚಲು ಕಟರೇ ಬೇಡ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಕ್ಲಿಪ್ ಮೀಟಿದರೆ ಆಯಿತು, ಹಾಕಲು ಇಕ್ಕಳ ಸಾಕು. ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಬಾಯ್ದೆರೆದ ತುದಿ ಮುಂದಿದ್ದರೆ ಎಲ್ಲಾದರೂ ತಗುಲಿ ಕ್ಲಿಪ್ ಹಾರಿಹೋಗುತ್ತದೆ. ಮೀಟುವಾಗ ಒಂದು ಬೆರಳು ಕ್ಲಿಪ್ಪಿನ ಮೇಲಿರಲಿ. ಅದು ಚಿಮ್ಮಿದರೆ ಹುಡುಕುವುದೇ ಅರ್ಧ ದಿನದ ಕೆಲಸ.

ಗೇರಿನ ಸೈಕಲ್ಲುಗಳಲ್ಲಿ ಹೆಚ್ಚಾಗಿ ಸಿಗುವುದು ಮಾಸ್ಟರ್ ಲಿಂಕ್. ಎರಡು ಹೊರತಟ್ಟೆಗಳು, ಒಂದೊಂದಕ್ಕೂ ಒಂದೊಂದು ಪಿನ್ನು, ಎದುರಿನ ತುದಿಯಲ್ಲಿ ಕೀಲಿರಂಧ್ರದಂಥ ಉದ್ದನೆಯ ತೂತು. ಸೈಕಲ್ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ಶ್ರಾಮ್ ಇದಕ್ಕೆ ಪವರ್‌ಲಾಕ್ ಎನ್ನುತ್ತದೆ, ಕೆಎಂಸಿ ಮಿಸ್ಸಿಂಗ್‌ಲಿಂಕ್ ಎನ್ನುತ್ತದೆ, ಶಿಮಾನೊ ಕ್ವಿಕ್-ಲಿಂಕ್ ಎನ್ನುತ್ತದೆ. ಹೆಸರು ಬೇರೆಯಾದರೂ ತತ್ವ ಒಂದೇ: ಎಳೆದಾಗ ಲಾಕ್ ಆಗುತ್ತದೆ, ಹಿಸುಕಿದಾಗ ಬಿಚ್ಚುತ್ತದೆ.

ಮೂರನೆಯದು ಕೂಡುಪಿನ್ನು. ಶಿಮಾನೊ ಬಹುಕಾಲ ತನ್ನ ಚೈನುಗಳಿಗೆ ಕೊಟ್ಟದ್ದು ಇದನ್ನೇ. ಚೂಪಾದ ಉದ್ದ ತುದಿಯ ಒಂದು ಪಿನ್ನು. ಕಟರಿನಿಂದ ಒಳಗೆ ತಳ್ಳಿ, ಹೊರಗೆ ಚಾಚಿದ ತುದಿಯನ್ನು ಮುರಿದು ಎಸೆಯಬೇಕು. ಕ್ಯಾಂಪಗ್ನೋಲೊ ಕಂಪನಿಯ 11 ಗೇರಿನ ಚೈನು ಇನ್ನೂ ಒಂದು ಹೆಜ್ಜೆ ಮುಂದೆ: ಪಿನ್ನು ಹಾಕಿದ ಮೇಲೆ ಅದರ ತುದಿಯನ್ನು ಒತ್ತಿ ಅಗಲ ಮಾಡಬೇಕು, ಅದಕ್ಕೆ ಆ ವ್ಯವಸ್ಥೆಯಿರುವ ಕಟರೇ ಬೇಕು. ಪಿನ್ನಿನಿಂದ ಕೂಡಿಸುವವರಿಗೆ ಕಟರ್ ಎಂದರೆ ಬರೀ ಕತ್ತರಿಸುವ ಉಪಕರಣವಲ್ಲ, ಕೂಡಿಸುವುದೂ ಅದರಿಂದಲೇ. ಕತ್ತರಿಸುವಾಗ ಓರೆಯಾದರೆ ಹೋಗುವುದು ಬಿಸಾಡುವ ಕೊಂಡಿ. ಕೂಡಿಸುವಾಗ ಓರೆಯಾದರೆ ಹೋಗುವುದು ಹೊಸ ಚೈನು. ಅಂಥವರು ಕಟರಿನಲ್ಲಿ ರಾಜಿ ಮಾಡಿಕೊಳ್ಳಬಾರದು.

ಹಳೆಯ ಪಿನ್ನನ್ನೇ ಹೊರತಳ್ಳಿ ಮತ್ತೆ ಒಳತಳ್ಳಿದರಾಗದೇ ಎಂದು ಕೇಳುವವರಿದ್ದಾರೆ. ಹಿಂದೆ ದಪ್ಪ ಚೈನುಗಳಲ್ಲಿ ಹಾಗೆ ಮಾಡುತ್ತಿದ್ದರು, ನಡೆಯುತ್ತಲೂ ಇತ್ತು. ಈಗಿನ ತೆಳ್ಳನೆಯ ಚೈನುಗಳಲ್ಲಿ ಪಿನ್ನಿನ ತುದಿಯನ್ನು ಕಾರ್ಖಾನೆಯಲ್ಲೇ ಜಜ್ಜಿ ಅಗಲ ಮಾಡಿರುತ್ತಾರೆ. ಹೊರತಳ್ಳಿದಾಗ ಆ ಅಂಚು ಹರಿದು, ತಟ್ಟೆಯ ತೂತೂ ಸಡಿಲವಾಗುತ್ತದೆ. ಮತ್ತೆ ಹಾಕಿದ ಪಿನ್ನು ಕಣ್ಣಿಗೆ ಸರಿಯಾಗಿ ಕಂಡರೂ, ಏರಿನಲ್ಲಿ ಎದ್ದುನಿಂತು ತುಳಿದಾಗ ಬಿಡುವುದು ಅದೇ ಪಿನ್ನೇ. ನನ್ನ ಮಟ್ಟಿಗೆ ಮಾಸ್ಟರ್ ಲಿಂಕೇ ಸರಿ. ಹಳೆಯ ಚೈನು ಕೂಡುಪಿನ್ನಿನದ್ದಾಗಿದ್ದರೂ ಹೊಸದಕ್ಕೆ ಅದೇ ಗೇರಿನ ಸಂಖ್ಯೆಯ, ಆ ಚೈನಿಗೆ ಹೊಂದುವ ಮಾಸ್ಟರ್ ಲಿಂಕ್ ಹಾಕಿಕೊಳ್ಳುತ್ತೇನೆ.

3. ಕಟರನ್ನು ಕೈಯಲ್ಲಿ ಹಿಡಿದು ನೋಡುವುದು

ಕಟರಿನಲ್ಲಿ ಇರುವುದೇ ನಾಲ್ಕು ಭಾಗ. ಚೈನು ಕೂರುವ ಗಾಡಿ, ಅದರ ಬೆನ್ನಿಗೆ ಆನಿಸಲು ಒಂದು ಗೋಡೆ, ತಿರುಪು, ತಿರುಪಿನ ತುದಿಯಲ್ಲಿ ತಳ್ಳುವ ಕಡ್ಡಿ. ನೀವು ಹಿಡಿ ತಿರುಗಿಸಿದಂತೆ ಕಡ್ಡಿ ಮುಂದೆ ಬಂದು ಚೈನಿನ ಪಿನ್ನನ್ನು ಗೋಡೆಯ ತೂತಿನ ಮೂಲಕ ಆಚೆಗೆ ನೂಕುತ್ತದೆ. ಚೈನಿನ ಪಿನ್ನೇ ಮೂರೂವರೆ ಮಿ.ಮೀ.ಗಿಂತ ತುಸು ದಪ್ಪ. ಅದನ್ನು ತೂತಿನಿಂದ ದಾಟಿಸಬೇಕಾದ ಕಡ್ಡಿ ಅದಕ್ಕಿಂತ ಸಪುರ. ಅಷ್ಟು ಸಪುರದ ಉಕ್ಕಿನ ಮೇಲೆ ಬೀಳುವ ಒತ್ತಡ ಕಲ್ಪಿಸಿಕೊಂಡರೆ ಎಲ್ಲಿ ನೋಡಬೇಕು ಎಂಬುದು ತಾನೇ ಹೊಳೆಯುತ್ತದೆ.

ಕೊಳ್ಳಲು ಹೋಗುವಾಗ ನಿಮ್ಮದೇ ಜಾತಿಯ ಚೈನಿನ ಒಂದು ತುಂಡು, ನಾಲ್ಕೈದು ಕೊಂಡಿಯದ್ದು, ಜೇಬಿನಲ್ಲಿರಲಿ. ಯಾವ ರಿಪೇರಿಯವರ ಕಸದ ಡಬ್ಬಿಯಲ್ಲಾದರೂ ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದದ್ದಕ್ಕಿಂತ ಆ ತುಂಡು ಹೇಳುವುದು ಹೆಚ್ಚು.

ತುಂಡನ್ನು ಗಾಡಿಯಲ್ಲಿ ಕೂರಿಸಿ, ಬೆರಳಿನಿಂದ ಅತ್ತಿತ್ತ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಇದ್ದರೆ ಪರವಾಗಿಲ್ಲ. ಬಾಗಿ ಓರೆಯಾಗುವಷ್ಟಿದ್ದರೆ ಬೇಡ. ಈಗ ಕಡ್ಡಿಯನ್ನು ನಿಧಾನವಾಗಿ ಪಿನ್ನಿನವರೆಗೆ ತನ್ನಿ, ತಳ್ಳಬೇಡಿ, ಮುಟ್ಟಿಸಿ ನಿಲ್ಲಿಸಿ. ಕಣ್ಣಿನ ಮಟ್ಟಕ್ಕೆ ಎತ್ತಿ ಮೇಲಿನಿಂದಲೂ ಪಕ್ಕದಿಂದಲೂ ನೋಡಿ. ಕಡ್ಡಿಯ ತುದಿ ಪಿನ್ನಿನ ನಟ್ಟನಡುವೆ ಕೂರಬೇಕು. ತುಸು ಮೇಲಕ್ಕೋ ಕೆಳಕ್ಕೋ ಇದ್ದರೆ ಆ ಕಟರ್ ಹುಟ್ಟುವಾಗಲೇ ಕುಂಟು. ಎಷ್ಟು ಹುಷಾರಾಗಿ ಬಳಸಿದರೂ ಒಂದು ದಿನ ಕಡ್ಡಿ ಮುರಿಯುತ್ತದೆ.

ಆಮೇಲೆ ತಿರುಪನ್ನು ಅರ್ಧ ಹೊರಗೆ ಬಿಟ್ಟು ಹಿಡಿಯನ್ನು ಅಲ್ಲಾಡಿಸಿ. ತಿರುಪಿನ ಸಡಿಲ ಇಲ್ಲಿ ಗೊತ್ತಾಗುತ್ತದೆ. ಗೋಡೆ ದಪ್ಪವಾಗಿದೆಯೇ, ಚೈನಿನ ತಟ್ಟೆಯ ಬೆನ್ನಿಗೆ ಪೂರ್ತಿ ಆನುತ್ತದೆಯೇ ನೋಡಿ. ಕೆಲವು ದೊಡ್ಡ ಕಟರುಗಳಲ್ಲಿ ಈ ಆನಿಕೆಯನ್ನೇ ಹಿಂದೆ ಮುಂದೆ ಸರಿಸಬಹುದು; ಮನೆಯಲ್ಲಿ ಬೇರೆ ಬೇರೆ ಬಗೆಯ ಸೈಕಲ್ಲುಗಳಿದ್ದರೆ ಅದು ಒಳ್ಳೆಯದು.

ಕಡ್ಡಿ ಬದಲಿಸಲು ಬರುತ್ತದೆಯೇ? ಇದೊಂದು ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ, ಉಳಿದದ್ದರಲ್ಲಿ ಸ್ವಲ್ಪ ಕಡಿಮೆಯಿದ್ದರೂ ನಾನು ಕೊಳ್ಳುತ್ತೇನೆ. ಕಡ್ಡಿ ಸವೆಯುವ ವಸ್ತು. ಅದು ಹೋದಾಗ ಇಡೀ ಉಪಕರಣ ಬಿಸಾಡುವುದು ಸೂಜಿ ಮುರಿದರೆ ಹೊಲಿಗೆ ಯಂತ್ರ ಬಿಸಾಡಿದಂತೆ. ಕೆಲವು ಕಟರುಗಳ ಹಿಡಿಯೊಳಗೇ ಒಂದು ಬದಲಿ ಕಡ್ಡಿ ಇಟ್ಟಿರುತ್ತಾರೆ.

ಹಿಡಿಯ ಉದ್ದದ ಬಗ್ಗೆ ಒಂದು ಮಾತು. ಮಲ್ಟಿಟೂಲಿನ ಕಟರ್ ತಿರುಗಿಸಲು ಸಾಮಾನ್ಯವಾಗಿ ಆಲನ್ ಕೀಲಿ ಬೇಕು, ಹಿಡಿದುಕೊಳ್ಳಲು ಉಗುರಗಲ ಜಾಗ ಇರುತ್ತದೆ. ದಾರಿಯಲ್ಲಿ ಚೈನು ತುಂಡಾಗಿ ಮನೆ ಸೇರಬೇಕಾದಾಗ ಅದೇ ದೇವರು. ಮನೆಯಲ್ಲಿ ಆರಾಮವಾಗಿ ಮಾಡುವ ಕೆಲಸಕ್ಕೆ ಅಲ್ಲ. ಕೈತುಂಬ ಹಿಡಿಯಲು ಬರುವ, ಒಂದು ಕೈಯಲ್ಲಿ ಒಡಲನ್ನು ಹಿಡಿದು ಇನ್ನೊಂದರಲ್ಲಿ ತಿರುಗಿಸುವ ಕಟರಿನಲ್ಲಿ ಪಿನ್ನು ಹೇಗೆ ಸರಿಯುತ್ತಿದೆ ಎಂಬುದು ಅಂಗೈಗೇ ತಿಳಿಯುತ್ತದೆ. ಬಲಕ್ಕಿಂತ ಇದು ಮುಖ್ಯ. ಪಾರ್ಕ್ ಟೂಲ್ ಕಂಪನಿಯ ಎರಡು ಕಟರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ: ಸಿಟಿ-5 ಅಂಗೈಯಲ್ಲಿ ಅಡಗುವ ಗಾತ್ರದ್ದು, ಸಿಟಿ-3.3 ಮೇಜಿನ ಬಳಿ ಇಡುವಂಥ ಉದ್ದ ಹಿಡಿಯದು. ವರ್ಷಕ್ಕೆ ಒಂದೆರಡು ಚೈನು ಬದಲಿಸುವವರಿಗೆ ಚಿಕ್ಕದೇ ಧಾರಾಳ. ಯಾವ ಕಂಪನಿಯದನ್ನೇ ನೋಡಿದರೂ ಎಷ್ಟು ಗೇರಿನಿಂದ ಎಷ್ಟು ಗೇರಿನವರೆಗೆ ಎಂದು ಬರೆದಿರುವುದನ್ನು ಓದಿ.

ಮೊಳೆ, ಸುತ್ತಿಗೆ ಬಳಸಿ ಪಿನ್ನು ಹೊಡೆದು ತೆಗೆಯುವ ಕಲೆ ಬಲ್ಲವರಿದ್ದಾರೆ. ಹಳೆಯ ಚೈನನ್ನು ತುಂಡರಿಸಿ ಎಸೆಯಲು ಅದು ಸಾಕು. ಹೊಸ ಚೈನಿನ ಹತ್ತಿರ ಸುತ್ತಿಗೆ ಸುಳಿಯಬಾರದು.

4. ಜೊತೆಗೆ ಏನೇನು ಬೇಕು?

ಮಾಸ್ಟರ್ ಲಿಂಕ್ ಇಕ್ಕಳ ಕಟರಿನಷ್ಟೇ ಉಪಯೋಗಕ್ಕೆ ಬರುವ ವಸ್ತು ಎಂದು ನನಗೆ ತಡವಾಗಿ ತಿಳಿಯಿತು. ಕೊಂಡಿಯ ಎರಡು ರೋಲರುಗಳನ್ನು ಕಚ್ಚಿ ಹಿಸುಕಿದರೆ ಬಿಚ್ಚುತ್ತದೆ. ಕೆಲವು ಇಕ್ಕಳಗಳು ತಿರುಗುಮುರುಗಾಗಿ ಬಳಸಿದರೆ ಎಳೆದು ಲಾಕೂ ಮಾಡುತ್ತವೆ. ಮಾಮೂಲಿ ಇಕ್ಕಳದ ಮೂತಿ ಇಲ್ಲಿ ಜಾರುತ್ತದೆ, ಗೆಣ್ಣಿನ ಚರ್ಮ ಹೋಗುತ್ತದೆ. ಹಾಗೆಂದು ಇದು ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ. ಹಳೆಯ ಬ್ರೇಕ್ ತಂತಿಯ ತುಂಡನ್ನೋ ಗಟ್ಟಿ ದಾರವನ್ನೋ ಲಿಂಕಿನ ಎರಡೂ ಬದಿಯ ರೋಲರುಗಳ ಸುತ್ತ ಕುಣಿಕೆ ಹಾಕಿ ಎಳೆದರೂ ಬಿಚ್ಚಿಕೊಳ್ಳುತ್ತದೆ. ತೆಳ್ಳನೆಯ ಚೈನುಗಳಲ್ಲಿ ಮಾತ್ರ ಈ ಉಪಾಯ ಕೆಲವೊಮ್ಮೆ ಸೋಲುತ್ತದೆ.

ಬಿಚ್ಚಿದ ಲಿಂಕನ್ನು ಮತ್ತೆ ಬಳಸಬಹುದೇ ಎಂಬುದು ಅದರ ಮೇಲೇ ಅವಲಂಬಿಸಿದೆ. ಶ್ರಾಮ್‌ನ ಪವರ್‌ಲಾಕುಗಳು ಒಂದೇ ಬಳಕೆಗೆ. ಕೆಎಂಸಿಯ ಲಿಂಕುಗಳ ಹೆಸರಿನ ಕೊನೆಗೆ ಆರ್ ಎಂದಿದ್ದರೆ ಮತ್ತೆ ಬಳಸಬಹುದು, ಎನ್‌ಆರ್ ಎಂದಿದ್ದರೆ ಬಳಸಬಾರದು.

ಸವೆತ ನೋಡುವ ಗೇಜು ಕೊಳ್ಳದೆಯೂ ನಡೆಯುತ್ತದೆ, ಮನೆಯಲ್ಲಿ ಉಕ್ಕಿನ ಅಳತೆಪಟ್ಟಿ ಇದ್ದರೆ. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿಯಿರಿ. ಅಲ್ಲಿಂದ 24ನೆಯ ಪಿನ್ನಿನ ನಡು ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಬರುತ್ತದೆ. 1/16 ಇಂಚು ಮುಂದೆ ಹೋಗಿದ್ದರೆ ಸವೆತ ಅರ್ಧ ಪ್ರತಿಶತ; 11, 12 ಗೇರಿನ ಚೈನಾದರೆ ಬದಲಿಸುವ ಹೊತ್ತು. ಅದಕ್ಕಿಂತ ದಪ್ಪನೆಯವನ್ನು ಮುಕ್ಕಾಲು ಪ್ರತಿಶತದವರೆಗೆ ಓಡಿಸಬಹುದು. 1/8 ಇಂಚು ದಾಟಿದ್ದರೆ ಹಿಂದಿನ ಹಲ್ಲುಗಳನ್ನೂ ಚೈನು ತಿಂದುಹಾಕಿರುವ ಸಂಭವ ಹೆಚ್ಚು, ಹೊಸ ಚೈನು ಹಾಕಿದರೂ ಜಾರುತ್ತದೆ. ಗೇಜೇ ಬೇಕೆನ್ನುವವರು ಒಂದು ವಿಷಯ ಗಮನಿಸಿ: ಎರಡೇ ಕಡೆ ಮುಟ್ಟುವ ಗೇಜುಗಳು ಪಿನ್ನಿನ ಸವೆತದ ಜೊತೆಗೆ ರೋಲರಿನ ಸಡಿಲವನ್ನೂ ಸೇರಿಸಿ ಅಳೆಯುತ್ತವೆ, ಹಾಗಾಗಿ ಚೈನು ನಿಜಕ್ಕಿಂತ ಹೆಚ್ಚು ಸವೆದಂತೆ ತೋರಿಸುತ್ತವೆ. ಮೂರು ಕಡೆ ಮುಟ್ಟುವವು ಆ ತಪ್ಪು ಮಾಡುವುದಿಲ್ಲ. ಶ್ರಾಮ್‌ನ 12 ಗೇರಿನ ಫ್ಲ್ಯಾಟ್‌ಟಾಪ್ ಚೈನಿಗೆ ರೋಲರುಗಳೇ ದೊಡ್ಡವು, ಅದಕ್ಕೆ ಹೊಂದುವ ಗೇಜು ಬೇರೆ.

5. ಈಗ ಕೆಲಸ

ಮೊದಲ ಪ್ರಯೋಗ ಹಳೆಯ ಚೈನಿನ ಮೇಲೆ. ಹೇಗೂ ಬಿಸಾಡುವುದೇ, ನಾಲ್ಕು ಪಿನ್ನು ತಳ್ಳಿ ಕೈ ಪಳಗಿಸಿಕೊಳ್ಳಿ.

ಆದರೆ ಬಿಸಾಡುವ ಮೊದಲು ಕೊಂಡಿ ಎಣಿಸಿ. ಹಳೆಯದನ್ನು ಹೊಸದರ ಪಕ್ಕ ತೂಗುಹಾಕಿ ತುದಿಗೆ ತುದಿ ಸರಿಮಾಡಿ ಕತ್ತರಿಸುವವರು ಮೋಸಹೋಗುವುದು ಇಲ್ಲೇ. 116 ಕೊಂಡಿಯ ಚೈನು ಒಂದು ಪ್ರತಿಶತ ಸವೆದಿದ್ದರೆ ಸುಮಾರು 14.7 ಮಿ.ಮೀ. ಉದ್ದವಾಗಿರುತ್ತದೆ, ಒಂದು ಕೊಂಡಿಗಿಂತ ಹೆಚ್ಚು. ತಟ್ಟೆಗಳು ಒಳಗಿರುವ ಒಳಕೊಂಡಿ ಒಂದು, ತಟ್ಟೆಗಳು ಹೊರಗಿರುವ ಹೊರಕೊಂಡಿ ಒಂದು, ಹೀಗೆ ಎಣಿಸಿ. ಮಾಸ್ಟರ್ ಲಿಂಕೂ ಒಂದು ಹೊರಕೊಂಡಿಯೇ. ಎರಡು ಸಲ ಎಣಿಸಿ. ಕತ್ತರಿಸಿದ ಕೊಂಡಿಯನ್ನು ಮತ್ತೆ ಅಂಟಿಸಲಾಗದು.

ಹಳೆಯ ಚೈನಿನ ಉದ್ದವೇ ಸರಿಯಿತ್ತೋ ಇಲ್ಲವೋ ಎಂಬ ಅನುಮಾನವಿದ್ದರೆ, ಹೊಸ ಚೈನನ್ನು ಡಿರೇಲರಿನೊಳಗೆ (ಗೇರು ಬದಲಿಸಲು ಚೈನನ್ನು ಸರಿಸುವ ಹಿಂದಿನ ಭಾಗ) ತೂರಿಸದೆ ಮುಂದಿನ ದೊಡ್ಡ ಚಕ್ರ, ಹಿಂದಿನ ದೊಡ್ಡ ಚಕ್ರ ಎರಡನ್ನೂ ಸುತ್ತಿ ಬಿಗಿಯಾಗಿ ಹಿಡಿಯಿರಿ. ತುದಿಗಳು ಸಂಧಿಸುವ ಜಾಗಕ್ಕೆ ಎರಡು ಕೊಂಡಿ, ಅಂದರೆ ಒಂದು ಇಂಚು ಸೇರಿಸಿ. ಸಸ್ಪೆನ್ಷನ್ ಇರುವ, ಇಲ್ಲವೇ ಮುಂದೆ ಒಂದೇ ಚಕ್ರವಿರುವ ಸೈಕಲ್ಲುಗಳಿಗೆ ತಯಾರಕರ ಲೆಕ್ಕ ಬೇರೆ ಇರಬಹುದು, ಅದನ್ನೇ ನೋಡಿ.

ಕತ್ತರಿಸುವ ಜಾಗ ಯಾವುದು? ಮಾಸ್ಟರ್ ಲಿಂಕ್ ಹಾಕುವುದಾದರೆ ಎರಡೂ ತುದಿಯಲ್ಲಿ ಒಳಕೊಂಡಿ ಇರಬೇಕು. ಕೂಡುಪಿನ್ನು ಹಾಕುವುದಾದರೆ ಒಂದು ತುದಿ ಒಳಕೊಂಡಿ, ಇನ್ನೊಂದು ಹೊರಕೊಂಡಿ. ಪಿನ್ನಿನ ಮೇಲೆ ಬಣ್ಣದ ಪೆನ್ನಿನಿಂದ ಚುಕ್ಕಿ ಇಡಿ. ಇಟ್ಟ ಮೇಲೆ ಇನ್ನೊಮ್ಮೆ ನೋಡಿ.

ಕಟರಿನಲ್ಲಿ ಎರಡು ಗಾಡಿಗಳಿದ್ದರೆ, ಕತ್ತರಿಸಲು ಹಿಡಿಯಿಂದ ದೂರದ್ದು, ಗೋಡೆಯ ಪಕ್ಕದ್ದು. ಚೈನನ್ನು ತಳಕ್ಕೆ ತಾಗುವಂತೆ ಕೂರಿಸಿ. ಕಡ್ಡಿಯನ್ನು ಪಿನ್ನಿಗೆ ಮುಟ್ಟಿಸಿ ನಿಲ್ಲಿಸಿ, ಎರಡು ಕಡೆಯಿಂದ ನೋಡಿ, ಆಮೇಲೆ ತಿರುಗಿಸಿ. ಮೊದಲಿಗೆ ಗಟ್ಟಿ ಎನ್ನಿಸುತ್ತದೆ, ಒಂದು ಸಣ್ಣ ಸದ್ದಿನೊಂದಿಗೆ ಪಿನ್ನು ಬಿಡುತ್ತದೆ, ಅಲ್ಲಿಂದ ಒಂದೇ ಸಮನೆ ಸರಿಯುತ್ತದೆ. ನಡುವೆ ಮತ್ತೆ ಗಟ್ಟಿಯಾದರೆ ನಿಲ್ಲಿಸಿ. ಬಲ ಹಾಕಬೇಡಿ. ಹಿಂದಕ್ಕೆ ತಿರುಗಿಸಿ, ಚೈನನ್ನು ಮತ್ತೆ ಕೂರಿಸಿ ನೋಡಿ. ನಾನು ಅಂದು ಮಾಡದೇ ಹೋದದ್ದು ಇಷ್ಟೇ.

ಪಿನ್ನು ಆಚೆ ಬಿದ್ದ ಮೇಲೆ ಕಡ್ಡಿ ಚೈನಿನ ತೂತಿನೊಳಗೇ ಇರುತ್ತದೆ. ಅದನ್ನು ಪೂರ್ತಿ ಹಿಂದಕ್ಕೆ ತಂದು ಆಮೇಲೆ ಚೈನು ಎತ್ತಿ. ಆತುರದಲ್ಲಿ ಎಳೆದು ಕಡ್ಡಿ ಬಾಗಿಸಿಕೊಂಡವರು ಬಹಳ ಜನ.

ಚೈನನ್ನು ಡಿರೇಲರಿನ ಎರಡು ಪುಟ್ಟ ಚಕ್ರಗಳ ಮೂಲಕ ತೂರಿಸಿ. ಅಲ್ಲಿರುವ ಸಣ್ಣ ಲೋಹದ ಪಟ್ಟಿಯ ತಪ್ಪು ಬದಿಯಿಂದ ಹೋದರೆ ಕರಕರ ಸದ್ದು ಬರುತ್ತದೆ; ತೆಗೆದು ಮತ್ತೆ ತೂರಿಸಬೇಕಾಗುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಈ ರಗಳೆ ಇಲ್ಲ. ಲಿಂಕಿನ ಮೇಲೆ ಬಾಣದ ಗುರುತಿದ್ದರೆ ಅದು ಚೈನು ಓಡುವ ದಿಕ್ಕಿಗಿರಲಿ. ಎರಡು ಅರ್ಧಗಳನ್ನು ಎದುರುಬದುರಾಗಿ ಸೇರಿಸಿ, ಪೆಡಲ್ ತಿರುಗಿಸಿ ಲಿಂಕನ್ನು ಮೇಲಿನ ಸಾಲಿಗೆ ತನ್ನಿ. ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಗಟ್ಟಿಯಾಗಿ ತುಳಿಯಿರಿ. ಟಕ್ ಎಂಬ ಸದ್ದು ಬಂದರೆ ಲಾಕ್ ಆಯಿತು. ಸದ್ದನ್ನಷ್ಟೇ ನಂಬಬೇಡಿ, ಪಿನ್ನುಗಳೆರಡೂ ತೂತಿನ ಕಿರಿದಾದ ತುದಿಗೆ ಸರಿದು ಕೂತಿವೆಯೇ ಎಂದು ಎರಡೂ ಬದಿಯಿಂದ ಕಣ್ಣಾರೆ ನೋಡಿ.

ಕೂಡುಪಿನ್ನು ಹಾಕಿದವರಿಗೆ ಕೊನೆಯಲ್ಲಿ ಒಂದು ಕೆಲಸ ಉಳಿಯುತ್ತದೆ. ಪಿನ್ನು ಎರಡೂ ತಟ್ಟೆಗಳಿಂದ ಒಂದೇ ಸಮ ಹೊರಚಾಚಿರಬೇಕು, ಪಕ್ಕದ ಪಿನ್ನುಗಳ ಮೇಲೆ ಉಗುರು ಆಡಿಸಿ ಹೋಲಿಸಿದರೆ ತಿಳಿಯುತ್ತದೆ. ಚೂಪು ತುದಿಯನ್ನು ಇಕ್ಕಳದಿಂದ ಮುರಿಯುವುದು ಅದಾದ ಮೇಲೆ.

ಪೆಡಲ್ ಹಿಂದಕ್ಕೆ ತಿರುಗಿಸುವಾಗ ಡಿರೇಲರ್ ಚೈನಿನ ಪ್ರತಿ ಸುತ್ತಿಗೂ ಒಮ್ಮೆ ಎಗರಿದರೆ ಎಲ್ಲೋ ಒಂದು ಕೊಂಡಿ ಬಿಗಿಯಾಗಿದೆ ಎಂದರ್ಥ, ಹೆಚ್ಚಾಗಿ ಕೂಡಿಸಿದ ಜಾಗದಲ್ಲೇ. ಎರಡು ಕೈಯಲ್ಲಿ ಅದರ ಅಕ್ಕಪಕ್ಕ ಹಿಡಿದು ಅಡ್ಡಡ್ಡಲಾಗಿ ಮೆಲ್ಲಗೆ ಬಾಗಿಸಿ. ಬಿಡದಿದ್ದರೆ ಕಟರಿನ ಎರಡನೆಯ ಗಾಡಿ, ಹಿಡಿಗೆ ಹತ್ತಿರದ್ದು, ಇರುವುದೇ ಇದಕ್ಕೆ. ಅಲ್ಲಿ ಕೂರಿಸಿ ಕಡ್ಡಿ ಮುಟ್ಟಿದ ಮೇಲೆ ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ, ಕೊಂಡಿ ಆಡಿಸಿ ನೋಡಿ, ಬೇಕಿದ್ದರೆ ಮತ್ತಷ್ಟೇ. ಕೆಲಸ ಮುಗಿದ ಮೇಲೆ ಕಟರಿನ ತಿರುಪಿಗೆ ಒಂದು ಹನಿ ಎಣ್ಣೆ ಬಿಟ್ಟು, ಕಡ್ಡಿಯನ್ನು ಒಳಗೆಳೆದು ಎತ್ತಿಡಿ. ಉಳಿದ ಚೈನಿನ ತುಂಡನ್ನೂ ಅದರ ಜೊತೆಗೇ ಕಟ್ಟಿಡಿ. ದಾರಿಯಲ್ಲಿ ಒಂದು ಕೊಂಡಿ ಮುರಿದ ದಿನ ಆ ತುಂಡೂ ಒಂದು ಹೊಸ ಮಾಸ್ಟರ್ ಲಿಂಕೂ ಚೀಲದಲ್ಲಿರಬೇಕು.